ರೂಟ್ ಸ್ಕ್ರಿಪ್ಟ್‌ಗಳಲ್ಲಿ /ಟೆಂಪ್ ಬಳಕೆ: ಹುಡುಕುವುದು, ಸರಿಪಡಿಸುವುದು, ಪರೀಕ್ಷಿಸುವುದು

ಪುಣೆ ಬಳಿಯ ಭೋಸರಿ, ಚಾಕಣದ ಕಾರ್ಖಾನೆಯಾಗಲಿ, ಮುಂಬೈ ಫೋರ್ಟಿನ ಲೆಕ್ಕಪತ್ರದ ಆಫೀಸಾಗಲಿ, ಚಿಕ್ಕ ಸಂಸ್ಥೆಗಳಲ್ಲಿ ಹೆಚ್ಚಾಗಿ ಒಂದೇ ಲಿನಕ್ಸ್ ಸರ್ವರ್ ಇರುತ್ತದೆ. ಬಿಲ್ಲಿಂಗ್, ಫೈಲ್ ಶೇರ್, ಬ್ಯಾಕಪ್ ಎಲ್ಲ ಅದರಲ್ಲೇ. ಲಾಗಿನ್ ಮಾತ್ರ ಸಿಬ್ಬಂದಿಗೂ ಇರುತ್ತದೆ, ಗುತ್ತಿಗೆಯವರಿಗೂ ಇರುತ್ತದೆ, ಸಾಫ್ಟ್‌ವೇರ್ ಮಾರಿದವರಿಗೂ ಇರುತ್ತದೆ. ಅಂಥ ಯಂತ್ರವನ್ನು ನೋಡಿಕೊಳ್ಳುವ ಕನ್ನಡಿಗ ಅಡ್ಮಿನ್‌ಗಳು ಫೈರ್‌ವಾಲ್‌ಗಿಂತ ಮೊದಲು ರಾತ್ರಿ ತಾವಾಗಿ ಓಡುವ ಕ್ರಾನ್ ಸ್ಕ್ರಿಪ್ಟ್‌ಗಳನ್ನು, ಅದರಲ್ಲೂ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನ ಹೆಸರಲ್ಲಿ ಓಡುವಂಥವನ್ನು, ತೆರೆದು ನೋಡುವುದು ಒಳ್ಳೆಯದು.

ತಾತ್ಕಾಲಿಕ ಫೈಲ್‌ಗಳನ್ನು ಇಡುವ ಡೈರೆಕ್ಟರಿ /ಟೆಂಪ್ (/tmp). ಅದರ ಅನುಮತಿ 1777. ಯಾರು ಬೇಕಾದರೂ ಅಲ್ಲಿ ಹೊಸ ಫೈಲ್ ಇಡಬಹುದು. ಮುಂದಿರುವ 1, ಅಂದರೆ ಸ್ಟಿಕಿ ಬಿಟ್, ಇನ್ನೊಬ್ಬರ ಫೈಲನ್ನು ಅಳಿಸದಂತೆ, ಅದರ ಹೆಸರು ಬದಲಿಸದಂತೆ ತಡೆಯುತ್ತದೆ, ಅಷ್ಟೇ. ನಿಮ್ಮ ಸ್ಕ್ರಿಪ್ಟ್ ಇಂದು ರಾತ್ರಿ ಬರೆಯಲಿರುವ ಹೆಸರಿನಲ್ಲಿ ಮಧ್ಯಾಹ್ನವೇ ಒಬ್ಬ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಮಾಡಿ, ಅದನ್ನು ಪಾಸ್‌ವರ್ಡ್ ಮಾಹಿತಿ ಇರುವ /ಇಟಿಸಿ/ಶ್ಯಾಡೋ ಕಡೆಗೆ ತಿರುಗಿಸಿಟ್ಟರೆ ಸ್ಟಿಕಿ ಬಿಟ್ ಏನೂ ಮಾಡದು. ಶೆಲ್‌ನ > ಚಿಹ್ನೆ ಲಿಂಕನ್ನು ಹಿಂಬಾಲಿಸಿ ಆ ಫೈಲನ್ನೇ ಬರಿದು ಮಾಡುತ್ತದೆ. ಓಡುತ್ತಿರುವುದು ರೂಟ್ ಆದ್ದರಿಂದ ಫೈಲ್ ಅನುಮತಿಗಳು ತಡೆಯುವುದಿಲ್ಲ; ಕರ್ನಲ್‌ನ ಒಂದು ರಕ್ಷಣೆಯ ಮಾತು ಮುಂದೆ ಬರುತ್ತದೆ.

ಹೆಸರಿನ ಕೊನೆಗೆ $$ ಸೇರಿಸಿದರೆ ಸಾಕೆಂಬ ನಂಬಿಕೆ ಇನ್ನೂ ಇದೆ. ಅದು ಬರೀ ಪ್ರೋಸೆಸ್ ಸಂಖ್ಯೆ. ಹಳೆಯ ಡೀಫಾಲ್ಟ್ ಮಿತಿ 32768. ಅಷ್ಟೂ ಹೆಸರಿಗೆ ಲಿಂಕ್ ಮಾಡಲು ಒಂದು ಲೂಪ್ ಸಾಕು. ಈಗಿನ 64 ಬಿಟ್ ಯಂತ್ರಗಳಲ್ಲಿ ಮಿತಿ 4194304 ಇದ್ದರೂ ಸಂಖ್ಯೆಗಳು ಸಾಮಾನ್ಯವಾಗಿ ಒಂದರ ಹಿಂದೊಂದು ಏರುವುದರಿಂದ ಊಹಿಸುವುದು ಸುಲಭ. ತಾರೀಖು ಸೇರಿಸುವುದಂತೂ ಇನ್ನೂ ದುರ್ಬಲ. ಫೈಲ್ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಬರೆಯುವುದೂ ಪರಿಹಾರವಲ್ಲ: ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇರುವ ಕ್ಷಣವೇ ದಾಳಿಕೋರನಿಗೆ ಬೇಕಾದದ್ದು.

ಹುಡುಕಲು ಗ್ರೆಪ್ ಸಾಕು. /ಇಟಿಸಿಯ ಕ್ರಾನ್ ಡೈರೆಕ್ಟರಿಗಳು, /ವಾರ್/ಸ್ಪೂಲ್/ಕ್ರಾನ್, /ಯುಎಸ್‌ಆರ್/ಲೋಕಲ್, /ಆಪ್ಟ್, ಸಿಸ್ಟಮ್‌ಡಿ ಯೂನಿಟ್‌ಗಳು (ಸರ್ವಿಸ್ ಹೇಗೆ ಓಡಬೇಕೆಂದು ಹೇಳುವ ಫೈಲ್‌ಗಳು): ಇವುಗಳಲ್ಲಿ /ಟೆಂಪ್ ಎಂದು ಬಂದ ಪ್ರತಿ ಸಾಲನ್ನೂ ಓದಿ. ಎಂಕೆಟೆಂಪ್ -ಯು (mktemp -u) ಕಂಡರೆ ಗುರುತು ಹಾಕಿ, ಅದು ಹೆಸರು ಕೊಡುತ್ತದೆಯೇ ಹೊರತು ಫೈಲ್ ಮಾಡಿಡುವುದಿಲ್ಲ. ಪೈಥಾನ್‌ನ ಟೆಂಪ್‌ಫೈಲ್ ಮಾಡ್ಯೂಲಿನಲ್ಲಿರುವ ಎಂಕೆಟೆಂಪ್‌ಗೂ ಇದೇ ರೋಗ, 2.3ನೇ ಆವೃತ್ತಿಯಿಂದಲೇ ಅದನ್ನು ಬಳಸಬೇಡಿ ಎನ್ನಲಾಗಿದೆ. ಎಲ್ಲರ ಕಣ್ಣು ತಪ್ಪಿಸಿಕೊಳ್ಳುವುದು ಡೈರೆಕ್ಟರಿ ಮಾಡುವ ಎಂಕೆಡಿಐಆರ್ -ಪಿ (mkdir -p). ಆ ಡೈರೆಕ್ಟರಿ ಮೊದಲೇ ಇದ್ದರೆ ಅದು ತಕರಾರು ಮಾಡದೆ ಯಶಸ್ಸು ಎನ್ನುತ್ತದೆ. ಅದು ಬೇರೆಯವನದ್ದಾಗಿದ್ದರೆ ರೂಟ್ ತನ್ನ ಫೈಲುಗಳನ್ನೆಲ್ಲ ಅವನ ಮನೆಯಲ್ಲಿ ಇಟ್ಟ ಹಾಗಾಯಿತು. -ಪಿ ತೆಗೆದರೆ ಕಮಾಂಡ್ ವಿಫಲವಾಗುತ್ತದೆ. ನಮಗೆ ಬೇಕಾದದ್ದೂ ಅದೇ.

ಸರಿಪಡಿಸುವಾಗ ತಾತ್ಕಾಲಿಕ ಫೈಲ್ ಬೇಕೇ ಎಂದು ಮೊದಲು ನೋಡಿ. ಡೇಟಾಬೇಸ್ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ನ ಫಲಿತಾಂಶವನ್ನು /ಟೆಂಪ್‌ಗೆ ಬರೆದು ಆಮೇಲೆ ಜಿಜಿಪ್‌ನಿಂದ ಕುಗ್ಗಿಸುವ ಅಗತ್ಯವಿಲ್ಲ. ಪೈಪ್ ಮೂಲಕ ನೇರವಾಗಿ ರೂಟ್ ಮಾತ್ರ ಓದಬಲ್ಲ ಡೈರೆಕ್ಟರಿಗೆ ಕಳಿಸಿ. ಉಮಾಸ್ಕ್ (ಹೊಸ ಫೈಲಿನಿಂದ ಯಾವ ಅನುಮತಿ ಕಳೆಯಬೇಕೆಂಬ ಸೆಟ್ಟಿಂಗ್) 022 ಇದ್ದರೆ /ಟೆಂಪ್‌ನಲ್ಲಿ ಆ ಫೈಲ್ 0644 ಆಗುತ್ತದೆ, ಸಂಬಳದ ಪಟ್ಟಿಯನ್ನು ಲಾಗಿನ್ ಇರುವ ಯಾರು ಬೇಕಾದರೂ ಓದಬಹುದು. ಸ್ಕ್ರಿಪ್ಟ್‌ನ ಮೇಲ್ಸಾಲಿನಲ್ಲೇ ಉಮಾಸ್ಕ್ 077 ಹಾಕಿ. ಲಾಕ್ ಫೈಲ್, ಪಿಐಡಿ (ಪ್ರೋಸೆಸ್ ಸಂಖ್ಯೆ) ಫೈಲ್‌ಗಳನ್ನು /ರನ್ ಒಳಗೆ 0700, ಅಂದರೆ ಒಡೆಯನಿಗೆ ಮಾತ್ರ ತೆರೆದ, ಡೈರೆಕ್ಟರಿ ಮಾಡಿ ಅಲ್ಲಿಡಿ.

ಫೈಲ್ ಬೇಕೇ ಬೇಕೆಂದಾದರೆ ಎಂಕೆಟೆಂಪ್ -ಡಿ. ಊಹಿಸಲಾಗದ ಹೆಸರಿನ ಡೈರೆಕ್ಟರಿಯನ್ನು ಅದು 0700 ಅನುಮತಿಯಲ್ಲಿ ಮಾಡುತ್ತದೆ, ಆ ಹೆಸರು ಮೊದಲೇ ಇದ್ದರೆ ಅದನ್ನು ಬಳಸುವುದಿಲ್ಲ. ಫಲಿತಾಂಶವನ್ನು ವೇರಿಯಬಲ್‌ಗೆ ತೆಗೆದುಕೊಂಡ ಸಾಲಿನಲ್ಲೇ || ಎಕ್ಸಿಟ್ 1 ಬರೆಯಿರಿ. ಇದನ್ನು ಬಿಡುವವರೇ ಹೆಚ್ಚು. ಡಿಸ್ಕ್ ತುಂಬಿ ಎಂಕೆಟೆಂಪ್ ಸೋತರೆ ವೇರಿಯಬಲ್ ಖಾಲಿಯಾಗುತ್ತದೆ. ಆಗ ಅದರ ಮುಂದೆ /* ಸೇರಿಸಿದ ಆರ್‌ಎಂ -ಆರ್‌ಎಫ್ ಸಾಲು ಇಡೀ ಸರ್ವರ್ ಅಳಿಸಲು ಹೊರಡುತ್ತದೆ.

ಅಳಿಸುವ ಕೆಲಸವನ್ನು ಶೆಲ್‌ನ ಟ್ರ್ಯಾಪ್ ಕಮಾಂಡ್‌ಗೆ ಒಪ್ಪಿಸಿ, ಎಕ್ಸಿಟ್ ಆಗುವಾಗ ಓಡುವಂತೆ. ಆದರೆ ಕಿಲ್ -9 ಬಿದ್ದರೆ ಅಥವಾ ಕರೆಂಟ್ ಹೋದರೆ ಟ್ರ್ಯಾಪ್ ಓಡದು. ಪುಣೆಯಲ್ಲಿ ಗುರುವಾರದ ರಿಪೇರಿಗೆ ವಿದ್ಯುತ್ ನಿಲ್ಲಿಸುವುದು ಗೊತ್ತಿರುವ ಸಂಗತಿ. ಯುಪಿಎಸ್ ಕೈಕೊಟ್ಟ ದಿನ ಅರ್ಧ ಬರೆದ ಫೈಲು ಹಾಗೇ ಉಳಿಯುತ್ತದೆ. /ಟೆಂಪ್ ಟೆಂಪ್‌ಎಫ್‌ಎಸ್ (ಮೆಮೊರಿಯಲ್ಲಿರುವ ಫೈಲ್‌ಸಿಸ್ಟಮ್) ಆಗಿದ್ದರೆ ರೀಬೂಟ್‌ಗೆ ಹೋಗುತ್ತದೆ. /ವಾರ್/ಟೆಂಪ್‌ನಲ್ಲಿದ್ದರೆ ಸಿಸ್ಟಮ್‌ಡಿಯ ಮೂಲ ಸೆಟ್ಟಿಂಗ್ ಪ್ರಕಾರ 30 ದಿನ ಇರುತ್ತದೆ. ಗುಟ್ಟಿನ ಮಾಹಿತಿಯನ್ನು ಅಲ್ಲಿ ಇಡಲೇಬೇಡಿ.

ಕಾನ್ಫಿಗ್ ಫೈಲ್ ಬದಲಿಸುವ ಸ್ಕ್ರಿಪ್ಟ್ ಆದರೆ ತಾತ್ಕಾಲಿಕ ಫೈಲನ್ನು ಆ ಕಾನ್ಫಿಗ್ ಇರುವ ಡೈರೆಕ್ಟರಿಯಲ್ಲೇ ಮಾಡಿ. ಒಂದೇ ಫೈಲ್‌ಸಿಸ್ಟಮ್ ಒಳಗೆ ಫೈಲ್ ಸರಿಸುವ ಎಂವಿ ಒಂದೇ ಏಟಿಗೆ ಮುಗಿಯುತ್ತದೆ. /ಟೆಂಪ್‌ನಿಂದ ತಂದರೆ ಅದು ಕಾಪಿ ಮಾಡಿ ಅಳಿಸುವ ಕೆಲಸವಾಗಬಹುದು, ನಡುವೆ ಅರ್ಧ ಫೈಲ್ ಓದಿದ ಸರ್ವಿಸ್ ಬಿದ್ದುಹೋಗಬಹುದು.

ಲಿನಕ್ಸ್ ಕರ್ನಲ್ 3.6ರಿಂದ ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್ ಎಂಬ ರಕ್ಷಣೆ ಇದೆ; ಬೇರೆಯವನು ಇಟ್ಟ ಲಿಂಕನ್ನು ರೂಟ್ ಕೂಡ ಹಿಂಬಾಲಿಸದಂತೆ ಅದು ತಡೆಯುತ್ತದೆ. ಎಫ್‌ಐಎಫ್‌ಒ (ಹೆಸರಿರುವ ಪೈಪ್) ಮತ್ತು ಸಾಮಾನ್ಯ ಫೈಲ್‌ಗಳಿಗೆ ಇಂಥದ್ದೇ ರಕ್ಷಣೆ 4.19ರಲ್ಲಿ ಬಂತು. ಕರ್ನಲ್ ಸೆಟ್ಟಿಂಗ್ ತೋರಿಸುವ ಸಿಸ್‌ಕಂಟ್ರೋಲ್‌ನಲ್ಲಿ (sysctl) ಮೊದಲನೆಯದು 1 ಇದೆಯೇ ನೋಡಿಕೊಳ್ಳಿ. ಇದು ಸ್ಟಿಕಿ ಬಿಟ್ ಇರುವ, ಎಲ್ಲರೂ ಬರೆಯಬಲ್ಲ ಡೈರೆಕ್ಟರಿಗೆ ಮಾತ್ರ ಅನ್ವಯ. ಯಾವುದೋ ಬಿಲ್ಲಿಂಗ್ ಸಾಫ್ಟ್‌ವೇರ್ ತನಗೆಂದು ಮಾಡಿಕೊಂಡ 777 ಡೈರೆಕ್ಟರಿಗೆ ಈ ರಕ್ಷಣೆ ಸಿಗದು. ಅಲ್ಲಿಂದ ಪ್ರೋಗ್ರಾಂ ಓಡದಂತೆ ಮಾಡುವ ನೋಎಕ್ಸೆಕ್ ಮೌಂಟ್‌ನ ಉಪಯೋಗ ಇನ್ನೂ ಕಡಿಮೆ.

ಪರೀಕ್ಷೆ ವರ್ಚುವಲ್ ಯಂತ್ರದಲ್ಲಿ ಮಾತ್ರ. ಅಲ್ಲಿ ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್ 0 ಮಾಡಿ, ಸಾಮಾನ್ಯ ಬಳಕೆದಾರರಾಗಿ ಒಂದು ಸುಳ್ಳು ಫೈಲಿನ ಕಡೆಗೆ ಲಿಂಕ್ ಇಟ್ಟು, ಸ್ಕ್ರಿಪ್ಟನ್ನು ರೂಟ್ ಆಗಿ ಓಡಿಸಿ. ಸುಳ್ಳು ಫೈಲಿನ ಒಳಗಿನದು ಬದಲಾದರೆ ದೋಷ ಇದೆ. ಇನ್ನೂ ಖಚಿತವಾಗಿ ಬೇಕೆಂದರೆ ಕರ್ನಲ್‌ಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ -ಎಫ್ ಹಚ್ಚಿ: /ಟೆಂಪ್‌ನಲ್ಲಿ ಓ_ಕ್ರಿಯೇಟ್ (O_CREAT) ಇರುವ ಪ್ರತಿ ಓಪನ್‌ಆಟ್ (openat) ಕರೆಯ ಜೊತೆ, ಫೈಲ್ ಮೊದಲೇ ಇದ್ದರೆ ವಿಫಲವಾಗು ಎನ್ನುವ ಓ_ಎಕ್ಸ್‌ಕ್ಲ್ (O_EXCL) ಕೂಡ ಕಾಣಬೇಕು. ಎಂಕೆಟೆಂಪ್ ಮಾಡಿದ 0700 ಡೈರೆಕ್ಟರಿಯ ಒಳಗಿನ ಫೈಲ್‌ಗಳಿಗೆ ಈ ಷರತ್ತು ಬೇಡ.

ಸೋರ್ಸ್ ಕೈಯಲ್ಲಿಲ್ಲದ ವೆಂಡರ್ ಸಾಫ್ಟ್‌ವೇರ್‌ಗೆ ಟೆಂಪ್‌ಡಿಐಆರ್ (TMPDIR) ಎಂಬ ಪರಿಸರ ವೇರಿಯಬಲ್ ಮೂಲಕ ಖಾಸಗಿ ಡೈರೆಕ್ಟರಿ ತೋರಿಸಿ ನೋಡಿ. ಅದನ್ನೂ ಲೆಕ್ಕಿಸದೆ /ಟೆಂಪ್‌ಗೇ ಬರೆಯುತ್ತಿದ್ದರೆ, ಸಿಸ್ಟಮ್‌ಡಿ ಯೂನಿಟ್‌ನಲ್ಲಿ ಪ್ರೈವೇಟ್‌ಟೆಂಪ್=ಯೆಸ್ (PrivateTmp=yes) ಹಾಕಿ ಸರ್ವಿಸನ್ನು ರೀಸ್ಟಾರ್ಟ್ ಮಾಡಿ; ಆ ಸರ್ವಿಸ್‌ಗೆ ತನ್ನದೇ /ಟೆಂಪ್, /ವಾರ್/ಟೆಂಪ್ ಸಿಗುತ್ತವೆ. /ಟೆಂಪ್‌ನಲ್ಲಿ ಸಾಕೆಟ್ ಇಟ್ಟು ಬೇರೆ ಸರ್ವಿಸ್ ಜೊತೆ ಮಾತಾಡುವ ಸಾಫ್ಟ್‌ವೇರ್ ಆದರೆ ಆ ಸಂಪರ್ಕ ಕಡಿದುಹೋಗುತ್ತದೆ, ಆದ್ದರಿಂದ ಸಾಕೆಟ್‌ನ ಜಾಗವನ್ನು ಮೊದಲು /ರನ್‌ಗೆ ಬದಲಿಸಿ.