ಲೀಟರಿಗೊಂದು ಕ್ರಯ, ಕಿಲೋಗೊಂದು ಕ್ರಯ

ಪೆರ್ಲದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ಅನುಪಾತದ ಪಾಠಕ್ಕೆ ಈ ಸಲ ಮಕ್ಕಳಿಗೆ ಮನೆಯಿಂದ ಖಾಲಿ ಪ್ಯಾಕೆಟ್ ತರಲು ಹೇಳಿದೆ. ಕ್ರಯ, ತೂಕ ಎರಡೂ ಓದುವ ಹಾಗಿದ್ದರೆ ಸಾಕು.

ಮೊದಲು ಸಿಕ್ಕಿದ್ದು ಚಾ ಹುಡಿ. 100 ಗ್ರಾಮಿನದ್ದು 36 ರೂಪಾಯಿ, 250 ಗ್ರಾಮಿನದ್ದು 85. ಹಿಂದಿನ ಬೆಂಚಿನ ಹುಡುಗ ಬೇಗ ಬೇಗ ಭಾಗಿಸಿ, "ಟೀಚರ್, ಸಣ್ಣ ಪ್ಯಾಕೆಟೇ ಅಗ್ಗ" ಎಂದ. ಪುಸ್ತಕ ನೋಡಿದೆ. 100ನ್ನು 36ರಿಂದ ಭಾಗಿಸಿ 2.78, 250ನ್ನು 85ರಿಂದ ಭಾಗಿಸಿ 2.94. ಭಾಗಾಕಾರದಲ್ಲಿ ಒಂದು ತಪ್ಪೂ ಇಲ್ಲ! 2.78 ಸಣ್ಣದು, ಹಾಗಾಗಿ ಅದೇ ಅಗ್ಗ ಎಂದುಕೊಂಡಿದ್ದ.

"ಈ 2.78 ರೂಪಾಯಿಯಾ, ಗ್ರಾಮಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡಿದ. "ಗ್ರಾಮು ಟೀಚರ್. ಒಂದು ರೂಪಾಯಿಗೆ ಸಿಗುವ ಹುಡಿ." ಹೇಳಿದವನೇ ಉತ್ತರವನ್ನು ಅಳಿಸಿದ. ಅಂದಿನಿಂದ ಬರಿಯ ಸಂಖ್ಯೆಗೆ ನಾನು ಸರಿ ಗುರುತು ಹಾಕುವುದಿಲ್ಲ. 'ಗ್ರಾಮಿಗೆ ಇಷ್ಟು ರೂಪಾಯಿ' ಎಂದೋ 'ರೂಪಾಯಿಗೆ ಇಷ್ಟು ಗ್ರಾಂ' ಎಂದೋ ಪಕ್ಕದಲ್ಲಿ ಇರಲೇಬೇಕು.

ಲೆಕ್ಕವನ್ನು ಒಂದು ಗ್ರಾಮಿಗೇ ಇಳಿಸಬೇಕೆಂದೂ ಇಲ್ಲ. ಎರಡನ್ನೂ 500 ಗ್ರಾಮಿಗೆ ಏರಿಸಿದರೆ ಐದು ಸಣ್ಣ ಪ್ಯಾಕೆಟಿಗೆ 180, ಎರಡು ದೊಡ್ಡದಕ್ಕೆ 170. ದಶಮಾಂಶದ ಗೋಜೇ ಇಲ್ಲ. ಅಂಗಡಿಯಲ್ಲಿ ನಿಂತು ಬಾಯಿಲೆಕ್ಕ ಮಾಡಲು ನನಗೆ ಇದೇ ಇಷ್ಟ.

ತೆಂಗಿನೆಣ್ಣೆಯ ಸರದಿ ಬಂದಾಗ ಒಂದು ಪೀರಿಯೆಡ್ ಸಾಲಲಿಲ್ಲ. ಒಬ್ಬಳ ಮನೆಗೆ ಎಣ್ಣೆ ಬರುವುದು ಮಿಲ್ಲಿನಿಂದ, ಕಿಲೋಗೆ 420 ರೂಪಾಯಿ. ಇನ್ನೊಬ್ಬಳು ತಂದದ್ದು ಲೀಟರಿನ ಪ್ಯಾಕೆಟ್, 400. ಎಲ್ಲರೂ ಪ್ಯಾಕೆಟಿಗೇ ಕೈ ಎತ್ತಿದರು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ನಿಜ; ಎಣ್ಣೆ ನೀರಿಗಿಂತ ಹಗುರ. ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಂಬಿಕೆ ಬರಲಿಲ್ಲ. ಮರುದಿನ ಮನೆಯಿಂದ ಎಣ್ಣೆ, ಲೀಟರಿನ ಅಳತೆಪಾತ್ರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೊಂಡುಹೋದೆ. ಖಾಲಿ ಪಾತ್ರೆ ಇಟ್ಟು ಸೊನ್ನೆಗೆ ತಂದು, ಗೆರೆಯವರೆಗೆ ಹೊಯ್ದೆವು. 915 ಗ್ರಾಂ! ಮತ್ತೆ ಎಲ್ಲರೂ ಅವರವರೇ ಲೆಕ್ಕ ಹಾಕಿದರು: 915 ಗ್ರಾಮಿಗೆ 400 ರೂಪಾಯಿಯಾದರೆ 1000 ಗ್ರಾಮಿಗೆ ಸುಮಾರು 437. ಮಿಲ್ಲಿನ ಎಣ್ಣೆಯೇ ಕಿಲೋಗೆ 17 ರೂಪಾಯಿ ಅಗ್ಗ.

ಪ್ಯಾಕೆಟಿನ ಮೇಲೆ ಈಗ ಬಿಡಿ ದರವನ್ನೂ ಮುದ್ರಿಸುತ್ತಾರೆ. ಆದರೆ ಕಿಲೋಗಿಂತ ಕಡಿಮೆಯದ್ದಕ್ಕೆ ಗ್ರಾಮಿನ ದರ, ಹೆಚ್ಚಿನದ್ದಕ್ಕೆ ಕಿಲೋದ ದರ. ದೊಡ್ಡ ಚಾ ಪ್ಯಾಕೆಟಿನ ಗ್ರಾಮಿಗೆ 0.34 ರೂಪಾಯಿ ಎಂಬುದನ್ನು ಸಾವಿರದಿಂದ ಗುಣಿಸಿ ಕಿಲೋಗೆ 340 ಮಾಡಿಕೊಂಡ ಮೇಲೆಯೇ ಇನ್ನೊಂದರ ಎದುರು ಇಡಬೇಕು.

ಕೊನೆಗೆ ಒಬ್ಬಳು 'ನಾಲ್ಕು ಕೊಂಡರೆ ಒಂದು ಉಚಿತ' ಎಂದಿದ್ದ ಸೋಪಿನ ಹೊದಿಕೆ ತಂದಳು. ಒಂದಕ್ಕೆ 40 ರೂಪಾಯಿ. 160ನ್ನು ಐದರಿಂದ ಭಾಗಿಸಿ 32 ಎಂದು ಬರೆದಿದ್ದಳು. ಎರಡೇ ಸಾಕಾದರೆ ಎಷ್ಟು ಕೊಡಬೇಕು ಎಂದು ಕೇಳಿದೆ. 64 ಎಂದು ಬರೆಯಹೊರಟವಳು ನಿಲ್ಲಿಸಿ, ಅದನ್ನು ಹೊಡೆದುಹಾಕಿ, 80 ಎಂದು ಬರೆದಳು.