ಗೆಲೆಡೆ ಮುಖವಾಡ ಹೊತ್ತು ಕುಣಿದದ್ದು

ಗೆಲೆಡೆ ಅಂದರೆ ಪಶ್ಚಿಮ ಆಫ್ರಿಕಾದ ಯೋರುಬಾ ಜನರ ಮುಖವಾಡದ ಕುಣಿತ. ಅದರ ಮುಖವಾಡವನ್ನು ಮುಖಕ್ಕೆ ಕಟ್ಟುವುದಿಲ್ಲ. ಟೋಪಿಯ ಹಾಗೆ ನೆತ್ತಿಯ ಮೇಲೆ, ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸುತ್ತಾರೆ. ಅಂಚಿನಿಂದ ಇಳಿದ ತೆಳು ಬಟ್ಟೆ ನಮ್ಮ ಮುಖ ಮುಚ್ಚುತ್ತದೆ. ನೋಡುವುದು ಅದರ ಮೂಲಕವೇ. ಊರಲ್ಲಿ ಯಕ್ಷಗಾನದ ಸ್ತ್ರೀವೇಷ ಮಾಡುತ್ತಿದ್ದ ನನಗೆ ಕಣ್ಣು, ಹುಬ್ಬಿಗೆ ಕೆಲಸವೇ ಇಲ್ಲದ ವೇಷ ಇದೇ ಮೊದಲು.

ಬೆನಿನ್ ದೇಶಕ್ಕೆ ನಾನು ಹೋಗುತ್ತಿದ್ದದ್ದು ಕಚ್ಚಾ ಗೇರುಬೀಜ ಖರೀದಿಗೆ. ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಆಗ ಅಲ್ಲಿಂದಲೂ ಬೀಜ ಬರುತ್ತಿತ್ತು. ನೈಜೀರಿಯಾ ಗಡಿಯ ಹತ್ತಿರ ಕೇಟು ಎಂಬ ಪಟ್ಟಣವಿದೆ. ಯೋರುಬಾ ಜನರ ಹಳೆಯ ರಾಜಧಾನಿಗಳಲ್ಲಿ ಒಂದು. ಗೆಲೆಡೆ ಹುಟ್ಟಿದ್ದೇ ಇಲ್ಲಿ ಅಂತ ಅಲ್ಲಿನವರು ಹೇಳುತ್ತಾರೆ. ಯುನೆಸ್ಕೋ 2008ರಲ್ಲಿ ಇದನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲಸ ಕಡಿಮೆ ಇದ್ದಾಗಲೆಲ್ಲ ನಾನು ಅಲ್ಲಿನ ಒಬ್ಬ ಹಿರಿಯ ಕುಣಿತಗಾರರ ಅಂಗಳಕ್ಕೆ ಹೋಗಿ ಕೂರುತ್ತಿದ್ದೆ. ಕುಣಿತ ಕಲಿತದ್ದೂ ಅವರಿಂದಲೇ.

ಈ ಕುಣಿತ ಇರುವುದು ತಾಯಂದಿರಿಗಾಗಿ. ಹೆತ್ತ ತಾಯಿ, ಮುದುಕಿಯರು, ತೀರಿಹೋದವರು, ಎಲ್ಲರಿಗೂ ಮೂಲವಾದ ಮಹಾತಾಯಿ. ಅವರ ಶಕ್ತಿ ಊರನ್ನು ಉಳಿಸಲೂಬಹುದು, ಹಾಳು ಮಾಡಲೂಬಹುದು ಎಂಬ ನಂಬಿಕೆ. ಅವರನ್ನು ಖುಷಿಯಾಗಿಡುವುದೇ ಉದ್ದೇಶ. ಹೆಣ್ಣು ಮುಖವಾಡ ಹೊತ್ತು ಕುಣಿಯುವವರು ಮಾತ್ರ ಗಂಡಸರು. ಎದೆ, ಸೊಂಟ ಎಲ್ಲ ಕಟ್ಟಿ ದಪ್ಪ ಮಾಡಿಕೊಳ್ಳಬೇಕು. ಆದರೆ ಇದನ್ನು ಸ್ತ್ರೀವೇಷ ಅನ್ನಲು ನನಗೆ ಮನಸ್ಸಿಲ್ಲ. ಹೆಣ್ಣಿನ ಒಯ್ಯಾರ ತೋರಿಸುವ ಗೋಜೇ ಇಲ್ಲ.

ಬಟ್ಟೆಯ ವಿಷಯ ಚೆನ್ನಾಗಿದೆ. ವೇಷಕ್ಕೆ ಊರಿನ ಹೆಂಗಸರಿಂದಲೇ ತಲೆವಸ್ತ್ರ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ ಕೇಳಿ ತರುತ್ತಾರೆ. ಬಣ್ಣಬಣ್ಣದ್ದನ್ನು ಪದರ ಪದರವಾಗಿ ಇಳಿಬಿಡುತ್ತಾರೆ. ನನಗೂ ಅಕ್ಕಪಕ್ಕದ ಅಜ್ಜಿಯರು ಕೊಟ್ಟರು. ಒಂದರಲ್ಲಿ ಇನ್ನೂ ಮಗುವಿನ ಪೌಡರ್ ವಾಸನೆ ಇತ್ತು.

ಪೂಜೆಗೆ ಸಂದ ಹಳೆಯ ಮುಖವಾಡ ನನಗೆ ಸಿಗುವಂತಿರಲಿಲ್ಲ, ನಾನು ಕೇಳಲೂ ಇಲ್ಲ. ಬಡಗಿಯೊಬ್ಬರ ಹತ್ತಿರ ಹೊಸದು ಮಾಡಿಸಿದೆ. ಕೆಳಗೆ ಶಾಂತವಾದ ಹೆಣ್ಣುಮುಖ, ಮೇಲೆ ಏನು ಬೇಕಾದರೂ. ಹಾವು, ಹಕ್ಕಿ, ಹೊಲಿಗೆ ಮೆಷಿನ್, ಮೋಟಾರ್ ಸೈಕಲ್, ವಿಮಾನ ಕೂಡ ಕೆತ್ತುತ್ತಾರೆ. ನನ್ನ ಕೆಲಸ ಗೊತ್ತಿದ್ದ ಅವರು ಒಂದು ಬುಟ್ಟಿ ಗೇರುಹಣ್ಣು ಕೂರಿಸಿ, ಆಯಿಲ್ ಪೇಂಟಿನಲ್ಲಿ ಕೆಂಪು ಬಳಿದು ನಕ್ಕರು.

ತಲೆಗೆ ಬಟ್ಟೆ ಸುತ್ತಿ ಅದರ ಮೇಲೆ ಮುಖವಾಡ ಬಿಗಿಯಬೇಕು. ಸಡಿಲವಾದರೆ ಕುಣಿಯುವಾಗ ಅಲ್ಲಾಡುತ್ತದೆ. ಕಾಲಿಗೆ ಕಬ್ಬಿಣದ ಗೆಜ್ಜೆ. ಚರ್ಮ ಕಿತ್ತುಬರದ ಹಾಗೆ ಕೆಳಗೆ ಬಟ್ಟೆ ಸುತ್ತುತ್ತೇವೆ. ಕೈಯಲ್ಲಿ ಚಾಮರ.

ನಿಜವಾದ ಕಷ್ಟ ಡೋಲಿನದು. ಯೋರುಬಾ ಮಾತಿನಲ್ಲಿ ದನಿಯ ಏರಿಳಿತಕ್ಕೇ ಅರ್ಥವಿದೆ. ದೊಡ್ಡ ಡೋಲು ಆ ಏರಿಳಿತವನ್ನೇ ನುಡಿಸುತ್ತದೆ. ಅಂದರೆ ಅದು ತಾಳ ಅಲ್ಲ, ಮಾತು. ಆ ಮಾತನ್ನು ಕಾಲು ಉಚ್ಚರಿಸಬೇಕು. ಮೊದಲು ನಿಧಾನಕ್ಕೆ ಸುತ್ತಾಡುವುದು, ಆಮೇಲೆ ಒಮ್ಮೆಲೇ ದಬದಬ ತುಳಿತ, ಡೋಲು ನಿಂತ ಪೆಟ್ಟಿಗೇ ಕಾಲೂ ನಿಲ್ಲಬೇಕು. ನಮ್ಮ ಯಕ್ಷಗಾನದಲ್ಲಿ ತಾಳ ಮುಗಿಸುವ ಮುಕ್ತಾಯ ಇದ್ದ ಹಾಗಲ್ವಾ ಅಂದುಕೊಂಡಿದ್ದೆ. ಅಲ್ಲ. ಮುಕ್ತಾಯವನ್ನು ಎಣಿಸಬಹುದು, ಇಲ್ಲಿ ವಾಕ್ಯ ಗೊತ್ತಿರಬೇಕು. ಹಾಗಾಗಿ ಗುರುಗಳು ಮೊದಲು ವಾಕ್ಯವನ್ನು ಬಾಯಲ್ಲಿ ಹೇಳಿಸಿದರು, ಆಮೇಲೆ ಕಾಲಲ್ಲಿ. ಅಷ್ಟು ತುಳಿದರೂ ಮೇಲಿನ ಮುಖ ಕದಲಬಾರದು. ಕುತ್ತಿಗೆ, ಭುಜ ಸ್ಥಿರ, ಬೆವರೆಲ್ಲ ಬಟ್ಟೆಯೊಳಗೆ.

ಹಿಂದಿನ ರಾತ್ರಿ ನಡೆಯುವ ಎಫೆ ಎಂಬ ಹಾಡಿನ ಆಟ ಬೇರೆ. ಅದರಲ್ಲಿ ಹಾಡುಗಾರ ಊರಿನ ಹುಳುಕನ್ನೆಲ್ಲ ಹಾಸ್ಯದಲ್ಲಿ ಬಯಲಿಗೆಳೆಯುತ್ತಾನೆ. ಅದು ನನ್ನ ಕೈಮೀರಿದ್ದು. ಮರುದಿನ ಮಧ್ಯಾಹ್ನ ಸಂತೆಮಾಳದ ಕುಣಿತಕ್ಕೆ ಇಳಿದೆ. ಅಲ್ಲಿ ಮೊದಲು ಚಿಕ್ಕ ಮಕ್ಕಳು, ಆಮೇಲೆ ಹುಡುಗರು, ಕೊನೆಗೆ ಪಳಗಿದವರು. ಹೊಸಬನಾದ ನನ್ನನ್ನು ಸೇರಿಸಿದ್ದು ಮಕ್ಕಳ ಸಾಲಿಗೆ. ಮೂರು ವಾಕ್ಯದಲ್ಲಿ ಎರಡು ಸರಿ ನಿಂತವು. ಪಕ್ಕದ ಪುಟ್ಟ ಹುಡುಗನದು ಮೂರೂ ನಿಂತವು. ಅವನಿಗೆ ಚಪ್ಪಾಳೆ ಜಾಸ್ತಿ ಬಿತ್ತು.