ಟಿವಿ ಹಿಂದೆ ಎಲ್‌ಇಡಿ ಅಂಟಿಸುವ ಮೊದಲು ಕರೆಂಟ್ ಲೆಕ್ಕ ಮಾಡಿ

ಪರದೆಯ ಬಣ್ಣಕ್ಕೆ ತಕ್ಕಂತೆ ಗೋಡೆ ಬೆಳಗುವುದು ನೋಡಲು ತುಂಬಾ ಚೆಂದ. ಮನೆಯಲ್ಲೇ ಮಾಡಬಹುದು. ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಪರದೆಯ ಬಣ್ಣ ಓದಿ ದೀಪ ನಿಯಂತ್ರಿಸುವ ಹೈಪೀರಿಯನ್ ಸಾಫ್ಟ್‌ವೇರ್, ಒಂದು ಎಚ್‌ಡಿಎಂಐ ಸ್ಪ್ಲಿಟ್ಟರ್ (ಟಿವಿಗೆ ಹೋಗುವ ಚಿತ್ರದ ಸಿಗ್ನಲನ್ನು ಎರಡಾಗಿ ಕವಲೊಡೆಸುವ ಡಬ್ಬಿ), ಅದರಲ್ಲೊಂದು ಕವಲನ್ನು ಪೈಗೆ ಕೊಡುವ ಒಂದು ಕ್ಯಾಪ್ಚರ್ ಕಾರ್ಡ್, ಡಬ್ಲ್ಯೂಎಸ್ 2812ಬಿ ಸ್ಟ್ರಿಪ್ (ಪ್ರತಿ ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಕೊಡಬಹುದಾದ ಪಟ್ಟಿ) ಇದ್ದರೆ ಸಾಕು.

ಆದರೆ ಎಡವುವುದು ಕರೆಂಟ್‌ನಲ್ಲಿ. ಒಂದು ಎಲ್‌ಇಡಿ ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. 100 ಎಲ್‌ಇಡಿಗೆ 6 ಆಂಪ್ ಆಯ್ತು ಅಲ್ವಾ? ಟಿವಿಯ ಯುಎಸ್‌ಬಿ ಪೋರ್ಟ್‌ನಿಂದ ಇದು ಆಗುವುದಿಲ್ಲ. 5 ವೋಲ್ಟ್, 8 ಅಥವಾ 10 ಆಂಪ್‌ನ ಬೇರೆ ಅಡಾಪ್ಟರ್ ಬೇಕೇ ಬೇಕು.

ನಾನು ಮೊದಲ ಸಲ ಒಂದೇ ತುದಿಗೆ ಕರೆಂಟ್ ಕೊಟ್ಟಿದ್ದೆ. ಶುರುವಿನಲ್ಲಿ ಹಾಲಿನಂಥ ಬಿಳಿ, ಕೊನೆಯಲ್ಲಿ ಮಂಕು ಕಿತ್ತಳೆ! ಸ್ಟ್ರಿಪ್ ಉದ್ದಕ್ಕೂ ವೋಲ್ಟೇಜ್ ಇಳಿಯುತ್ತದೆ, ಅದಕ್ಕೇ ಹೀಗೆ. ಎರಡೂ ತುದಿಗೆ ದಪ್ಪ ವೈರ್ ಎಳೆದ ಮೇಲೆ ಸರಿಯಾಯಿತು.

ಸ್ಟ್ರಿಪ್ ಮೇಲೆ ಸಣ್ಣ ಬಾಣದ ಗುರುತು ಇರುತ್ತದೆ. ಪೈಯಿಂದ ಬರುವ ಡೇಟಾ (ಬಣ್ಣದ ಸಿಗ್ನಲ್) ಆ ದಿಕ್ಕಿನಲ್ಲೇ ಹೋಗಬೇಕು. ಅಡಾಪ್ಟರ್ ಮತ್ತು ಪೈ ಎರಡರ ಗ್ರೌಂಡ್ (ಮೈನಸ್ ವೈರ್) ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ದೀಪಗಳು ಸುಮ್ನೆ ಮಿಣುಕುತ್ತವೆ. ಮೂಲೆಗಳಲ್ಲಿ ಸ್ಟ್ರಿಪ್ ಮಡಚಬೇಡಿ. ಕತ್ತರಿಸಲೆಂದೇ ಇರುವ ಗುರುತಿನ ಮೇಲೆ ಕತ್ತರಿಸಿ, ತುಂಡು ವೈರ್‌ನಿಂದ ಬೆಸುಗೆ ಹಾಕಿ.